ಹಪ್ಪಳದ ಮಣೆಯೂ ಮೂಲಧನವೂ

ವಾಣಿಜ್ಯಕ್ಕೆ ಧನವೇ ಮೂಲವೆಂಬುದು ಲೋಕರೂಢಿ. ಲಿಜ್ಜತ್ ಪಾಪಡ್ ಸಂಸ್ಥೆಯ ಚರಿತ್ರೆಯಾದರೋ ಆ ಮಾತು ಅರ್ಧಸತ್ಯವೆಂದು ತೋರಿಸುತ್ತದೆ.

1959ನೆಯ ಇಸವಿ ಮಾರ್ಚಿ 15ರಂದು ಮುಂಬಯಿಯ ಗಿರಗಾಂವದಲ್ಲಿ ಏಳು ಮಂದಿ ಗುಜರಾತೀ ಗೃಹಿಣಿಯರು ಸಮಾಜಸೇವಕ ಛಗನಲಾಲ ಪಾರೇಖರಿಂದ 80 ರೂಪಾಯಿ ಸಾಲ ಪಡೆದು, ಮಾಳಿಗೆಯ ಮೇಲೆ ನಾಲ್ಕು ಕಟ್ಟು ಹಪ್ಪಳಗಳನ್ನು ಮಾಡಿದರು. ಲಟ್ಟಿಸುವ ಕೌಶಲವು ಅವರಿಗೆ ತಾಯಂದಿರಿಂದ ಬಂದುದು. ಯಾವ ಪಾಠಶಾಲೆಯೂ ಕಲಿಸಿದುದಲ್ಲ. ದಾನವನ್ನು ಸ್ವೀಕರಿಸಲಾಗದು, ದುಡಿದವರೆಲ್ಲರೂ ಒಡತಿಯರು ಎಂಬುದು ಅವರ ಕಟ್ಟುಪಾಡು. ಕಲಸಿದ ಹಿಟ್ಟನ್ನು ಕೊಂಡೊಯ್ದು ಮನೆಯಲ್ಲಿಯೇ ಲಟ್ಟಿಸಿ ತರುವ ಪದ್ಧತಿಯಿಂದ, ಹೊರಗೆ ದುಡಿಯಲಾರದ ಸ್ತ್ರೀಯರಿಗೂ ಸ್ವಂತ ಸಂಪಾದನೆಯಾಯಿತು. 1966ರಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗವು ಮನ್ನಣೆಯಿತ್ತಿತು.

ಮನೆಯ ಕುಶಲತೆ, ಪರಸ್ಪರ ಕಟ್ಟುಪಾಡು, ಸಕಾಲದ ಆಶ್ರಯ ಇವು ಕೂಡಿದುದರಿಂದಲೇ ಆ ಅಲ್ಪಧನವು ಫಲಿಸಿತು. ಸಾಲವನ್ನು ಮಾತ್ರ ಹಂಚಿ ಉದ್ಯಮವನ್ನು ಬೆಳೆಸಬಯಸುವವರು ಇದನ್ನು ಮನಗಾಣತಕ್ಕದ್ದು.