ಬೂದಿಯಲ್ಲಿ ಹುದುಗಿದ ಸಮಾಧಿಭೂಮಿ

ನವೆಂಬರ್ ತಿಂಗಳ ಮೊದಲೆರಡು ದಿನಗಳಲ್ಲಿ ಫಿಲಿಪ್ಪೀನ್ಸ್ ದೇಶದ ಸಮಾಧಿಭೂಮಿಗಳು ಜಾತ್ರೆಯಂತೆ ತುಂಬಿರುತ್ತವೆ. ಕಥೋಲಿಕರೇ ಬಹುಸಂಖ್ಯಾತರಾಗಿರುವ ಆ ನಾಡಿನಲ್ಲಿ ಮನೆಮಂದಿಯೆಲ್ಲ ಹೂವು, ಮೇಣದ ಬತ್ತಿ, ಬುತ್ತಿಗಳೊಡನೆ ಬಂದು ಹಿರಿಯರ ಗೋರಿಗಳ ಬಳಿಯಲ್ಲೇ ಹೊತ್ತು ಕಳೆಯುತ್ತಾರೆ. ಅಂಥ ನಾಡಿನಲ್ಲಿಯೇ 8,000ಕ್ಕೂ ಮಿಕ್ಕಿ ಸಮಾಧಿಗಳುಳ್ಳ ಸ್ಥಳವೊಂದು ಹೇಳುವವರು ಕೇಳುವವರಿಲ್ಲದೆ ಹಾಳುಬಿದ್ದಿತ್ತೆಂಬುದು ಸೋಜಿಗವೇ ಸರಿ. ಅದು ಲುಝೋನ್ ದ್ವೀಪದ ಕ್ಲಾರ್ಕ್ ಎಂಬಲ್ಲಿರುವ ಸೈನಿಕರ ಸಮಾಧಿಭೂಮಿ.

1898ರಿಂದ 1946ರವರೆಗೆ ಫಿಲಿಪ್ಪೀನ್ಸ್ ಅಮೆರಿಕದ ಅಧೀನದಲ್ಲಿತ್ತು. ಸ್ವಾತಂತ್ರ್ಯಾನಂತರವೂ ಕ್ಲಾರ್ಕ್‌ನಲ್ಲಿ ಅಮೆರಿಕದ ವಾಯುಪಡೆಯ ನೆಲೆ ಉಳಿಯಿತು. 1947 ಮತ್ತು 1950ರ ನಡುವೆ ಹಳೆಯ ಸೈನಿಕ ಸಮಾಧಿಭೂಮಿಗಳನ್ನು ತೆರವು ಮಾಡಿದಾಗ ದ್ವಿತೀಯ ಮಹಾಯುದ್ಧದಲ್ಲಿ ಮಡಿದವರ ಅವಶೇಷಗಳು ಮನಿಲಾದ ಭವ್ಯ ಸ್ಮಾರಕಕ್ಕೆ ಹೋದವು. ಉಳಿದವರದು ಕ್ಲಾರ್ಕ್‌ಗೆ ಬಂದಿತು. ಈ ವಿಂಗಡಣೆಯನ್ನು ವಾಚಕರು ನೆನಪಿನಲ್ಲಿಡಬೇಕು. ಮನಿಲಾದ ಸ್ಮಾರಕವನ್ನು ನೋಡಿಕೊಳ್ಳಲು ಅಮೆರಿಕನ್ ಸರಕಾರದ ಯುದ್ಧಸ್ಮಾರಕ ಆಯೋಗವಿತ್ತು. ಕ್ಲಾರ್ಕ್‌ಗಿದ್ದುದು ವಾಯುನೆಲೆಯ ಆಶ್ರಯವೊಂದೇ. ಹಳೆಯ ಯುದ್ಧಗಳ ಯೋಧರು, ಅವರ ಮಡದಿ ಮಕ್ಕಳು, ಅಮೆರಿಕನ್ ಸೈನ್ಯದಲ್ಲಿ ದುಡಿದ ಫಿಲಿಪಿನೋ ಸ್ಕೌಟ್ ಭಟರು ಇಲ್ಲಿ ಅಕ್ಕಪಕ್ಕದಲ್ಲಿ ಮಲಗಿದ್ದಾರೆ.

1991ರ ಜೂನ್ 15ರಂದು ಸಮೀಪದ ಪಿನಟೂಬೊ ಜ್ವಾಲಾಮುಖಿ ಸಿಡಿಯಿತು. ಅದೇ ದಿನ ಬೀಸಿದ ಚಂಡಮಾರುತದ ಮಳೆಯಲ್ಲಿ ನೆನೆದ ಬೂದಿ, ಒಣಗಿದ ಮೇಲೆ ಗಾರೆಯಂತೆ ಗಟ್ಟಿಯಾಗಿ ಗೋರಿಕಲ್ಲುಗಳನ್ನು ಕಚ್ಚಿಕೊಂಡಿತು. ಸೆಪ್ಟೆಂಬರ್‌ನಲ್ಲಿ ಫಿಲಿಪ್ಪೀನ್ಸ್ ಸೆನೆಟ್ ಸೈನಿಕ ನೆಲೆಗಳ ಹೊಸ ಒಪ್ಪಂದವನ್ನು ತಿರಸ್ಕರಿಸಿತು. ನವೆಂಬರ್ ಕೊನೆಗೆ ವಾಯುಪಡೆ ಗಂಟುಮೂಟೆ ಕಟ್ಟಿತು. ಸತ್ತವರು ಮಾತ್ರ ಅಲ್ಲಿಯೇ ಉಳಿದರು. ನೆಲ ತನ್ನದಲ್ಲವೆಂದು ಒಂದು ಸರಕಾರ ಕೈಚೆಲ್ಲಿತು; ಗೋರಿಗಳು ತನ್ನವಲ್ಲವೆಂಬಂತೆ ಇನ್ನೊಂದು ಸುಮ್ಮನಿದ್ದಿತು. ಇದರಲ್ಲಿ ಕ್ರೌರ್ಯಕ್ಕಿಂತ ಕಡತದ ದೋಷವೇ ಹೆಚ್ಚೆಂದು ನನ್ನ ಎಣಿಕೆ. ಆದರೆ ಕಳೆ ಬೆಳೆಯಲು ಅಷ್ಟೇ ಸಾಕಾಯಿತು.

1994ರಲ್ಲಿ ನೆರೆಯ ಆಂಜೆಲಿಸ್ ನಗರದಲ್ಲಿ ನೆಲೆಸಿದ್ದ ಅಮೆರಿಕದ ನಿವೃತ್ತ ಯೋಧರು ಸ್ವಯಂಸೇವಕರಾಗಿ ಮುಂದೆ ಬಂದರು. ಪರದೇಶಗಳ ಯುದ್ಧಗಳಲ್ಲಿ ಹೋರಾಡಿದವರ ಸಂಘದ 2485ನೆಯ ಶಾಖೆಯವರು ಅವರು. ಯಾರ ಆಜ್ಞೆಯೂ ಇರಲಿಲ್ಲ, ಸರಕಾರದ ಬಿಡಿಗಾಸೂ ಇರಲಿಲ್ಲ. ದೇಣಿಗೆ ಕೂಡಿಸಿ ಕಸ ತೆಗೆಸಿದರು, ಹುಲ್ಲು ಕತ್ತರಿಸಿದರು, ಸ್ಮರಣೆಯ ದಿನಗಳನ್ನು ಆಚರಿಸಿದರು. ಆದರೂ ಗಟ್ಟಿಗೊಂಡ ಬೂದಿಯಿಂದ ಸಾವಿರಾರು ಕಲ್ಲುಗಳನ್ನು ಕಿತ್ತು ನೆಟ್ಟಗೆ ನಿಲ್ಲಿಸುವುದು ಆ ವೃದ್ಧರ ಶಕ್ತಿಗೆ ಮೀರಿದ ಕೆಲಸವಾಗಿತ್ತು. 20 ವರ್ಷಗಳ ತರುವಾಯವೂ ಬಹುಪಾಲು ಕಲ್ಲುಗಳ ಕೆಳಭಾಗ ಹೂತೇ ಇತ್ತು. ಹೆಸರು, ಇಸವಿ ಓದಲು ಬಾರದಂತಿದ್ದವು ಅನೇಕ.

ಆದುದರಿಂದ ಅವರು ಗುದ್ದಲಿಯೊಡನೆ ಅರ್ಜಿಯನ್ನೂ ಹಿಡಿದರು. ಅವರ ಮತ್ತು ಅವರ ಬೆಂಬಲಿಗರ ಒತ್ತಾಯಕ್ಕೆ ಕೊನೆಗೂ ಓಗೊಟ್ಟು, 2013ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಒಬಾಮ ಅವರು ಈ ಭೂಮಿಯ ಪಾಲನೆಯನ್ನು ಯುದ್ಧಸ್ಮಾರಕ ಆಯೋಗಕ್ಕೆ ವಹಿಸಲು ಎಡೆಮಾಡಿದ ಶಾಸನಕ್ಕೆ ಸಹಿ ಹಾಕಿದರು. ಅದೇ ಡಿಸೆಂಬರಿನಲ್ಲಿ ಎರಡೂ ದೇಶಗಳ ನಡುವೆ ಒಪ್ಪಂದವಾಯಿತು. ಸುಮಾರು 19 ವರ್ಷ ಆ ಮುದುಕರು ಹೊತ್ತಿದ್ದ ಭಾರ ಸರಕಾರದ ಹೆಗಲಿಗೇರಿತು.

ಮನಿಲಾದ ಸ್ಮಾರಕಕ್ಕೂ ಇದಕ್ಕೂ ಒಂದು ಅಂತರವಿದೆ. ಅಲ್ಲಿ ಮಲಗಿರುವವರು ಒಂದು ಮುಗಿದ ಯುದ್ಧದವರು. ಕ್ಲಾರ್ಕ್‌ನಲ್ಲಿ, ಆಯೋಗ ಬಂದ ಮೇಲೂ, ಅರ್ಹ ಯೋಧರ ದಫನ ನಿಂತಿಲ್ಲ. ಹಳೆಯ ಸಾಲುಗಳ ಪಕ್ಕದಲ್ಲಿ ಹೊಸ ಕಲ್ಲುಗಳು ಏಳುತ್ತಲಿವೆ.