ನೈಲ್ ನದಿಯ ಮೇಲೆ ಲಕ್ಸರ್‌ನಿಂದ ಅಸ್ವಾನ್‌ವರೆಗೆ: ದೇಗುಲ, ಸಮಾಧಿಗಳ ದರ್ಶನ

ನಮ್ಮ ಕರಾವಳಿಯ ಧರ್ಮಕೇಂದ್ರಗಳಿಂದ ಪವಿತ್ರ ನಾಡಿನ ಯಾತ್ರೆಗೆ ಹೊರಡುವ ತಂಡಗಳು ಇಸ್ರೇಲ್, ಜೋರ್ಡಾನ್‌ಗಳ ಜೊತೆಗೆ ಈಜಿಪ್ಟನ್ನೂ ಸೇರಿಸಿಕೊಳ್ಳುವುದುಂಟು. ಕೈರೋದಲ್ಲಿ ಪಿರಮಿಡ್, ಪವಿತ್ರ ಕುಟುಂಬ ತಂಗಿತ್ತೆಂದು ನಂಬಲಾಗುವ ಗುಹೆಯ ಮೇಲಿನ ಹಳೆಯ ಇಗರ್ಜಿ, ಆಮೇಲೆ ಸಿನಾಯ್ ಬೆಟ್ಟ. ಅಲ್ಲಿಗೆ ಈಜಿಪ್ಟ್ ಮುಗಿಯಿತು. ಕೈರೋದಿಂದ ದಕ್ಷಿಣಕ್ಕೆ 500 ಕಿ.ಮೀ.ಗೂ ಹೆಚ್ಚು ದೂರದಲ್ಲಿರುವ ಲಕ್ಸರ್ ನಗರವನ್ನಾಗಲಿ, ಅಲ್ಲಿಂದ ಅಸ್ವಾನ್‌ವರೆಗಿನ ನದಿ ಪ್ರಯಾಣವನ್ನಾಗಲಿ ಕಂಡವರು ನಮ್ಮಲ್ಲಿ ಕಡಿಮೆ. ಇತ್ತೀಚೆಗೆ ವಾಳೆಯ ಗುರಿಕಾರರೊಬ್ಬರು ನಮ್ಮನ್ನು ನೇರವಾಗಿಯೇ ಕೇಳಿದರು: "ಫಾದರ್, ಅನ್ಯದೇವರುಗಳ ಗುಡಿಗಳನ್ನೂ ರಾಜರ ಗೋರಿಗಳನ್ನೂ ನೋಡಲು ನಾವು ಯಾಕೆ ಅಷ್ಟು ದುಡ್ಡು ಸುರಿಯಬೇಕು?" ಪ್ರಶ್ನೆ ನ್ಯಾಯವಾದದ್ದೇ. ಹೋಗಬೇಕೋ ಬೇಡವೋ ಎಂಬುದನ್ನು ಅವರವರೇ ತೀರ್ಮಾನಿಸಲಿ. ಅಲ್ಲಿ ಏನೇನಿದೆ ಎಂಬುದನ್ನು ಹೇಳುವುದಷ್ಟೇ ನಮ್ಮ ಕೆಲಸ.

ಹಾದಿ ಮತ್ತು ದೋಣಿ

ನೈಲ್ ನದಿ ಸುಮಾರು 6,650 ಕಿ.ಮೀ. ಉದ್ದವಿದ್ದು ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ಆದ್ದರಿಂದ ನಕ್ಷೆಯಲ್ಲಿ ಕೆಳಗಿರುವ ಭಾಗಕ್ಕೆ 'ಮೇಲಣ ಈಜಿಪ್ಟ್' ಎಂದು ಹೆಸರು. ಲಕ್ಸರ್ ಮತ್ತು ಅಸ್ವಾನ್ ನಡುವಿನ ನದಿಮಾರ್ಗ 200 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ಲಕ್ಸರ್‌ನಿಂದ ಹೊರಟರೆ ಸಾಮಾನ್ಯವಾಗಿ 4 ರಾತ್ರಿ, ಅಸ್ವಾನ್‌ನಿಂದ ಹೊರಟರೆ 3 ರಾತ್ರಿಗಳ ಪ್ರಯಾಣ. ಹಡಗೇ ಹೋಟೆಲು: ಮಲಗುವ ಕೋಣೆ, ಊಟದ ಹಾಲ್, ಮೇಲೆ ಬಿಸಿಲಿಗೆ ತೆರೆದ ಅಟ್ಟ. ಬೆಳಿಗ್ಗೆ ಇಳಿದು ದೇಗುಲ ನೋಡುವುದು, ಮಧ್ಯಾಹ್ನ ಹಡಗಿನಲ್ಲಿ ಊಟ, ಸಂಜೆ ಮತ್ತೊಂದು ದಂಡೆ. ಇಂಗ್ಲೆಂಡಿನ ಥಾಮಸ್ ಕುಕ್ 1869ರಲ್ಲಿ ಮೊದಲ ತಂಡವನ್ನು ನೈಲ್ ಮೇಲೆ ಕರೆದೊಯ್ದಂದಿನಿಂದ ಈ ಕ್ರಮ ಹೆಚ್ಚು ಬದಲಾಗಿಲ್ಲ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗಿನ ತಿಂಗಳುಗಳು ಅನುಕೂಲ. ಬೇಸಿಗೆಯಲ್ಲಿ ಅಲ್ಲಿನ ಬಿಸಿಲು ನಮ್ಮ ಮೇ ತಿಂಗಳ ಸೆಖೆಯಂತಲ್ಲ. ಬೆವರೂ ಬಾರದಂತೆ ಒಣಗಿಸಿಬಿಡುವ ಉರಿ ಅದು.

ಲಕ್ಸರ್: ಪೂರ್ವ ದಂಡೆ

ಲಕ್ಸರ್ ಎಂದರೆ ಹಿಂದಿನ ಥೀಬ್ಸ್. ಪೂರ್ವ ದಂಡೆಯಲ್ಲಿ ದೇವಾಲಯಗಳು, ಸೂರ್ಯ ಮುಳುಗುವ ಪಶ್ಚಿಮದಲ್ಲಿ ಸಮಾಧಿಗಳು. ಕಾರ್ನಕ್‌ನ ಆಮೋನ್ ದೇಗುಲ ಒಬ್ಬ ಅರಸ ಕಟ್ಟಿಸಿದ್ದಲ್ಲ. ಒಂದೂವರೆ ಸಾವಿರ ವರ್ಷಗಳಿಗೂ ಮಿಕ್ಕಿ ಒಬ್ಬರಾದ ಮೇಲೊಬ್ಬರು ಸೇರಿಸುತ್ತಾ ಹೋದದ್ದು. ಅದರ ಮಹಾಮಂಟಪದಲ್ಲಿ 134 ಕಂಬಗಳಿವೆ. ನಡುವಿನ 12 ಕಂಬಗಳ ಎತ್ತರ ಸುಮಾರು 21 ಮೀಟರ್. ಮೂಡಬಿದಿರೆಯ ಸಾವಿರ ಕಂಬದ ಬಸದಿಯನ್ನು ಕಂಡ ನಮಗೂ ಅಲ್ಲಿ ನಿಂತಾಗ ಮಾತು ಹೊರಡಲಿಲ್ಲ.

ಇದೇ ಕಾರ್ನಕ್‌ನಲ್ಲಿ ಬೈಬಲ್ ಓದುಗರು ಮಾರ್ಗದರ್ಶಿಯನ್ನು ಕೇಳಿ ನೋಡಬೇಕಾದ ಗೋಡೆಯೊಂದಿದೆ. ಸೊಲೊಮೋನನ ಮಗ ರೆಹಬ್ಬಾಮನ ಐದನೆಯ ವರ್ಷದಲ್ಲಿ ಈಜಿಪ್ಟಿನ ಅರಸ ಶೀಶಕನು ಜೆರುಸಲೇಮಿನ ಮೇಲೆ ದಂಡೆತ್ತಿ ಬಂದು ದೇವಾಲಯದ ಭಂಡಾರವನ್ನು ದೋಚಿದನೆಂದು ಅರಸುಗಳ ಮೊದಲನೆಯ ಗ್ರಂಥದ 14ನೇ ಅಧ್ಯಾಯ ಹೇಳುತ್ತದೆ. ಆ ಶೀಶಕನೇ ಒಂದನೇ ಶೆಶೋಂಕ್ ಎಂಬುದು ಹೆಚ್ಚಿನ ವಿದ್ವಾಂಸರ ಮತ. ಕ್ರಿ.ಪೂ. 925ರ ಸುಮಾರಿನ ತನ್ನ ದಂಡಯಾತ್ರೆಯಲ್ಲಿ ಹೆಸರಿಸಿದ ಊರುಗಳ ಪಟ್ಟಿಯನ್ನು ಆತ ಇಲ್ಲಿ ಕೊರೆಯಿಸಿದ್ದಾನೆ. ಉಳಿದಿರುವ ಹೆಸರುಗಳಲ್ಲಿ ಜೆರುಸಲೇಮ್ ಇಲ್ಲ. ಬೈಬಲ್ ಹೇಳಿದ್ದೆಲ್ಲ ಆ ಕಲ್ಲಿನ ಮೇಲಿದೆ ಎಂದು ಉತ್ಸಾಹದಲ್ಲಿ ಹೇಳುವವರು ಈ ಮಾತನ್ನೂ ಹೇಳಬೇಕು.

ಲಕ್ಸರ್ ದೇಗುಲ ನಗರದ ನಡುವೆಯೇ ಇದೆ. ಮೂರನೇ ಅಮೆನ್‌ಹೊತೆಪ್ ಮತ್ತು ಎರಡನೇ ರಾಮ್ಸೆಸ್ ಇದರ ಮುಖ್ಯ ನಿರ್ಮಾಪಕರು. ಬಾಗಿಲ ಮುಂದೆ ಇದ್ದ ಎರಡು ಶಿಲಾಸ್ತಂಭಗಳಲ್ಲಿ ಒಂದು 1836ರಿಂದ ಪ್ಯಾರಿಸ್‌ನಲ್ಲಿ ನಿಂತಿದೆ. ದೇಗುಲದ ಅಂಗಳದಲ್ಲಿ, ಹಿಂದೆ ಮಣ್ಣು ತುಂಬಿದ್ದ ಎತ್ತರದಲ್ಲಿ, ಅಬು ಹಜ್ಜಾಜರ ಮಸೀದಿ ಇಂದಿಗೂ ಪ್ರಾರ್ಥನೆಗೆ ಬಳಕೆಯಲ್ಲಿದೆ. ಕಾರ್ನಕ್‌ನಿಂದ ಇಲ್ಲಿಗೆ ಸಿಂಹದೇಹದ ಮೂರ್ತಿಗಳ ನಡುವೆ ಹಾಯುವ ಸುಮಾರು 2.7 ಕಿ.ಮೀ. ಮೆರವಣಿಗೆಯ ದಾರಿಯನ್ನು 2021ರ ನವೆಂಬರ್‌ನಲ್ಲಿ ಮತ್ತೆ ತೆರೆಯಲಾಯಿತು.

ಪಶ್ಚಿಮ ದಂಡೆ: ಸಮಾಧಿಗಳು, ಸನ್ಯಾಸಿಗಳು

ಅರಸರ ಕಣಿವೆಯಲ್ಲಿ 60ಕ್ಕೂ ಹೆಚ್ಚು ಸಮಾಧಿಗಳು ಪತ್ತೆಯಾಗಿವೆ. ಒಂದೇ ದಿನ ಎಲ್ಲವೂ ತೆರೆದಿರುವುದಿಲ್ಲ. ಸಾಮಾನ್ಯ ಟಿಕೆಟಿಗೆ ಕೆಲವನ್ನು ಮಾತ್ರ ನೋಡಬಹುದು. 1922ರ ನವೆಂಬರ್ 4ರಂದು ಹೋವರ್ಡ್ ಕಾರ್ಟರ್ ತಂಡಕ್ಕೆ ಮೊದಲ ಮೆಟ್ಟಿಲು ಸಿಕ್ಕಿದ ತುತಾನ್‌ಖಾಮೋನನ ಸಮಾಧಿಗೆ ಬೇರೆ ಟಿಕೆಟು. ಆತನ ಬಂಗಾರದ ವಸ್ತುಗಳನ್ನು ಇಲ್ಲಿ ಹುಡುಕಬಾರದು. ಅವು ಗಿಜಾದಲ್ಲಿ 2025ರ ನವೆಂಬರ್‌ನಲ್ಲಿ ಪೂರ್ಣವಾಗಿ ತೆರೆದ ಮಹಾ ವಸ್ತುಸಂಗ್ರಹಾಲಯದಲ್ಲಿವೆ. ಅರಸನ ದೇಹ ಮಾತ್ರ ಸಮಾಧಿಯಲ್ಲೇ ಉಳಿದಿದೆ. ಮೂರು ಸಾವಿರ ವರ್ಷ ಗಾಳಿಯಾಡದೆ ಇದ್ದ ಬಣ್ಣಗಳಿಗೆ ದಿನವೂ ನೂರಾರು ಜನರ ಉಸಿರು, ಬೆವರು, ಚಪ್ಪಲಿಯ ಧೂಳು ತಗಲುತ್ತದೆ. ಈ ಕಾರಣದಿಂದಲೇ ಗೆಟ್ಟಿ ಸಂರಕ್ಷಣಾ ಸಂಸ್ಥೆ ಇಲ್ಲಿ ಹಲವು ವರ್ಷ ದುಡಿದು, 2019ರಲ್ಲಿ ಗಾಳಿಯ ವ್ಯವಸ್ಥೆಯೂ ಸೇರಿದಂತೆ ಕೆಲಸ ಮುಗಿಸಿತು. 2014ರಿಂದ ಕಾರ್ಟರನ ಮನೆಯ ಬಳಿ ಸಮಾಧಿಯ ತದ್ರೂಪವನ್ನೂ ಇಡಲಾಗಿದೆ. ದೊಡ್ಡ ತಂಡಗಳು ಅದನ್ನು ನೋಡಿದರೂ ನಷ್ಟವೇನಿಲ್ಲ ಎಂಬುದು ನಮ್ಮ ಅಭಿಪ್ರಾಯ.

ನಮಗೆ ಹೆಚ್ಚು ಹಿಡಿಸಿದ್ದು ನಾಲ್ಕನೇ ರಾಮ್ಸೆಸನ ಸಮಾಧಿ. ಅದು ಹಳೆಯ ಕಾಲದಿಂದಲೂ ತೆರೆದೇ ಇತ್ತು. ಗೋಡೆಗಳ ಮೇಲೆ ಗ್ರೀಕ್ ಪ್ರವಾಸಿಗರ ಬರಹಗಳ ಜೊತೆಗೆ ಕೋಪ್ಟಿಕ್ ಕ್ರೈಸ್ತರ ಶಿಲುಬೆಗಳು, ಪ್ರಾರ್ಥನೆಗಳು ಕಾಣಸಿಗುತ್ತವೆ. ಈ ಬೆಟ್ಟಗಳ ಬರಿದಾದ ಸಮಾಧಿಗಳಲ್ಲಿ ಕ್ರೈಸ್ತ ಸನ್ಯಾಸಿಗಳು ಬಾಳಿದರು. ರಾಣಿ ಹತ್ಶೆಪ್ಸುತಳ ಮೂರು ಅಂತಸ್ತಿನ ದೇಗುಲದ ಸ್ಥಳಕ್ಕೆ ಇಂದಿಗೂ 'ದೇರ್ ಎಲ್ ಬಹರಿ' ಎಂದು ಹೆಸರು. 'ಉತ್ತರದ ಮಠ' ಎಂದು ಅದರ ಅರ್ಥ. ಆ ದೇಗುಲದ ಮೇಲೆಯೇ ಸಂತ ಫೊಯ್ಬಾಮೋನರ ಮಠವಿತ್ತು. ಮೂರನೇ ರಾಮ್ಸೆಸನ ಮೆದಿನೆತ್ ಹಾಬು ದೇಗುಲದ ಒಳಗೆ ಮತ್ತು ಸುತ್ತ ಜೇಮೆ ಎಂಬ ಕ್ರೈಸ್ತ ಪಟ್ಟಣವೇ ಬೆಳೆದು, ಎರಡನೆಯ ಅಂಗಳದಲ್ಲಿ ಇಗರ್ಜಿಯಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಫರೋಹರ ಕಾಲದ ಅಂಗಳವನ್ನು ತೆರವು ಮಾಡುವ ಭರದಲ್ಲಿ ಆ ಇಗರ್ಜಿಯನ್ನು ಕಿತ್ತುಹಾಕಿದರು. ಅಗೆಯುವವರಿಗೆ ಬೇಕಾದ ಪದರ ಒಂದೇ ಆಗಿತ್ತು. ಅದರ ಮೇಲಿನದೆಲ್ಲ ಅವರ ಪಾಲಿಗೆ ಕಸ!

ಮೆರ್ನೆಪ್ತಾ ಅರಸನ ದೇಗುಲವೂ ಇದೇ ದಂಡೆಯಲ್ಲಿದೆ. 1896ರಲ್ಲಿ ಫ್ಲಿಂಡರ್ಸ್ ಪೆಟ್ರಿಯವರಿಗೆ ಇಲ್ಲಿ ದೊರೆತ ಶಾಸನ ಈಗ ಕೈರೋದಲ್ಲಿದೆ. ಕ್ರಿ.ಪೂ. 1208ರ ಸುಮಾರಿನ ಆ ಕಲ್ಲಿನಲ್ಲಿ ಇಸ್ರಯೇಲ್ ಎಂಬ ಜನಾಂಗದ ಹೆಸರಿದೆ. ಬೈಬಲಿನ ಹೊರಗೆ ದೊರೆತ ಅತ್ಯಂತ ಹಳೆಯ ಉಲ್ಲೇಖ ಅದೆಂದು ಬಹುಮಟ್ಟಿಗೆ ಎಲ್ಲರೂ ಒಪ್ಪುತ್ತಾರೆ.

ಮಾರ್ಗದರ್ಶಿಗಳ ಮಾತು

ಈಜಿಪ್ಟಿನ ಮಾರ್ಗದರ್ಶಿಗಳು ಪರವಾನಗಿ ಪಡೆದವರು. ಹಲವರು ವಿಶ್ವವಿದ್ಯಾಲಯದಲ್ಲಿ ಇದನ್ನೇ ಓದಿದವರು. ಆದರೂ ಕ್ರೈಸ್ತ ತಂಡವೆಂದು ತಿಳಿದೊಡನೆ "ಇವನೇ ಮೋಶೆಯ ಕಾಲದ ಫರೋಹ" ಎಂದು ರಾಮ್ಸೆಸನ ಕಡೆ ಕೈತೋರಿಸುವವರಿದ್ದಾರೆ. ವಿಮೋಚನಾಕಾಂಡ ಫರೋಹನ ಹೆಸರು ಹೇಳುವುದಿಲ್ಲ. ರಾಮ್ಸೆಸ್ ಎಂಬ ನಗರದ ಹೆಸರನ್ನಷ್ಟೇ ಹೇಳುತ್ತದೆ. ಹಾಗೆಯೇ ಪವಿತ್ರ ಕುಟುಂಬ ಲಕ್ಸರ್‌ವರೆಗೂ ಬಂದಿತ್ತೆಂಬ ಮಾತು. ಕೋಪ್ಟಿಕ್ ಸಂಪ್ರದಾಯದ ಹಾದಿ ಉತ್ತರಕ್ಕಿರುವ ಅಸ್ಸಿಯುತ್ ಸುತ್ತಮುತ್ತಲೇ ಕೊನೆಗೊಳ್ಳುತ್ತದೆ. ಯಾತ್ರೆಯಿಂದ ಮರಳಿ ಬಂದು ದೊತೊರ್ನ್ ತರಗತಿಯಲ್ಲಿ ಇಂಥ ಸಂಗತಿಗಳನ್ನು ಮಕ್ಕಳಿಗೆ ಹೇಳುವವರು ದಯವಿಟ್ಟು ಗಮನಿಸಬೇಕು.

ಎಸ್ನಾ, ಎದ್ಫು, ಕೊಮ್ ಒಂಬೊ

ಎಸ್ನಾದಲ್ಲಿ ಅಣೆಕಟ್ಟಿನ ನೀರುಬಾಗಿಲು ದಾಟಲು ಹಡಗುಗಳು ಸಾಲುಗಟ್ಟುತ್ತವೆ. ಆಗ ಸಣ್ಣ ದೋಣಿಗಳಲ್ಲಿ ವ್ಯಾಪಾರಿಗಳು ಬಂದು ಬಟ್ಟೆಯ ಗಂಟುಗಳನ್ನು ಮೇಲಿನ ಅಟ್ಟಕ್ಕೆ ಎಸೆಯುತ್ತಾರೆ. ಬೇಕಾದರೆ ಹಣ ಕೆಳಗೆಸೆಯಬೇಕು, ಬೇಡವಾದರೆ ಬಟ್ಟೆಯನ್ನೇ. ಎದ್ಫುವಿನ ಹೋರಸ್ ದೇಗುಲ ಕ್ರಿ.ಪೂ. 237ರಲ್ಲಿ ಆರಂಭವಾಗಿ 57ರಲ್ಲಿ ಮುಗಿದದ್ದು. ಈಜಿಪ್ಟಿನ ದೇಗುಲಗಳಲ್ಲಿ ಇಷ್ಟು ಚೆನ್ನಾಗಿ ಉಳಿದದ್ದು ಬೇರೆ ಇಲ್ಲವೆನ್ನಬಹುದು. 1860ರಲ್ಲಿ ಮಾರಿಯೆತ್ ಮರಳು ತೆಗೆಸುವ ಮೊದಲು ಇದರ ಮಾಡಿನ ಮೇಲೆ ಜನ ಮನೆ ಕಟ್ಟಿಕೊಂಡಿದ್ದರು! ಹಡಗಿನಿಂದ ದೇಗುಲಕ್ಕೆ ಕುದುರೆಗಾಡಿಗಳು ಕರೆದೊಯ್ಯುತ್ತವೆ. ಬಡಕಲು ಕುದುರೆಗಳನ್ನು ನೋಡಿ ಮನಸ್ಸು ಒಪ್ಪದವರು ಮುಂಚಿತವಾಗಿ ಹೇಳಿ ವಾಹನ ಮಾಡಿಸಿಕೊಳ್ಳಬಹುದು. ಕೊಮ್ ಒಂಬೊ ನದಿಯಂಚಿನ ಜೋಡಿ ದೇಗುಲ. ಒಂದು ಭಾಗ ಮೊಸಳೆ ದೇವರಾದ ಸೊಬೆಕ್‌ನದು, ಇನ್ನೊಂದು ಹಿರಿಯ ಹೋರಸನದು. ಪಕ್ಕದ ಸಂಗ್ರಹಾಲಯದಲ್ಲಿ ಸಂಸ್ಕರಿಸಿದ ಮೊಸಳೆಗಳಿವೆ. ನೆರೆಯ ಎತ್ತರ ಅಳೆಯುತ್ತಿದ್ದ ಬಾವಿಯನ್ನು ಮರೆಯದೆ ನೋಡಬೇಕು. ನೆರೆಯ ಮಟ್ಟ ನೋಡಿಯೇ ಆ ವರ್ಷದ ಬೆಳೆಯನ್ನೂ ತೆರಿಗೆಯನ್ನೂ ಅಂದಾಜು ಮಾಡುತ್ತಿದ್ದರು.

ಫೀಲೆ ದ್ವೀಪ

ಇಡೀ ಪ್ರಯಾಣದಲ್ಲಿ ನಾವು ಹೆಚ್ಚು ಹೊತ್ತು ನಿಂತದ್ದು ಅಸ್ವಾನ್ ಬಳಿಯ ಫೀಲೆಯ ಇಸಿಸ್ ದೇಗುಲದಲ್ಲಿ. ಈಜಿಪ್ಟಿನ ಹಳೆಯ ಧರ್ಮ ಕೊನೆಯವರೆಗೆ ಉಸಿರಾಡಿದ್ದು ಇಲ್ಲಿ. ಚಿತ್ರಲಿಪಿಯ ಕೊನೆಯ ದಿನಾಂಕಿತ ಬರಹ ಈ ಗೋಡೆಯ ಮೇಲೆಯೇ ಇದೆ: ಕ್ರಿ.ಶ. 394ರ ಆಗಸ್ಟ್ 24. ಚಕ್ರವರ್ತಿ ಜಸ್ಟಿನಿಯನ್ ಸುಮಾರು 535–537ರಲ್ಲಿ ಇದನ್ನು ಮುಚ್ಚಿಸಿದ. ಧರ್ಮಾಧ್ಯಕ್ಷ ಥಿಯೊದೋರರು ಒಳಗೆ ಸಂತ ಸ್ತೆಫಾನರ ಇಗರ್ಜಿ ಮಾಡಿದರು. ಬಾಗಿಲ ಕಲ್ಲುಗಳಲ್ಲಿ ಆಳವಾಗಿ ಕೊರೆದ ಶಿಲುಬೆಗಳಿವೆ. ಅದೇ ಗೋಡೆಗಳಲ್ಲಿ ದೇವದೇವತೆಗಳ ಮುಖ, ಕೈಕಾಲುಗಳನ್ನು ಉಳಿಯಿಂದ ಒಂದೊಂದಾಗಿ ಕುಟ್ಟಿ ಅಳಿಸಲಾಗಿದೆ.

ಇದನ್ನು ಮಾಡಿದವರಲ್ಲಿ ನಮ್ಮವರೇ ಹೆಚ್ಚು. ಶಿಲುಬೆಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವಾಗ ಪಕ್ಕದ ಮುಖವಿಲ್ಲದ ಚಿತ್ರವನ್ನು ನೋಡದಂತೆ ಇರಲು ಬರುವುದಿಲ್ಲ. ಆ ಕಾಲದ ಕ್ರೈಸ್ತರಿಗೆ ಅವು ಬರೀ ಚಿತ್ರಗಳಲ್ಲ, ದುಷ್ಟಶಕ್ತಿಗಳ ನೆಲೆ ಎಂಬ ಭಯವಿತ್ತು. ಈ ಕಾರಣವನ್ನು ಹೇಳಬಹುದು, ಆದರೆ ಅದನ್ನು ಹೆಮ್ಮೆಯಾಗಿ ಹೇಳಲಾಗದು. 1784ರಲ್ಲಿ ಟಿಪ್ಪುವಿನ ಕಾಲದಲ್ಲಿ ನೆಲಸಮವಾದ ನಮ್ಮ ಇಗರ್ಜಿಗಳನ್ನು ಇಂದಿಗೂ ನೆನೆಯುವ ಕೆನರಾದ ಕ್ರೈಸ್ತರಿಗೆ ಇನ್ನೊಬ್ಬರ ಪೂಜಾಸ್ಥಳದ ಮೇಲಿನ ಉಳಿಯೇಟಿನ ಗುರುತು ಅರ್ಥವಾಗಲೇಬೇಕು. ಅದೇ ಇಗರ್ಜಿಯಾದ ಕಾರಣ ದೇಗುಲದ ಗೋಡೆಗಳನ್ನು ಯಾರೂ ಕಲ್ಲಿಗಾಗಿ ಕೀಳಲಿಲ್ಲ ಎಂಬುದೂ ಅಷ್ಟೇ ನಿಜವಿರಬೇಕು.

ಇನ್ನೂ ದಕ್ಷಿಣಕ್ಕೆ, ಜಲಾಶಯದ ದಂಡೆಯ ವಾದಿ ಎಸ್ ಸೆಬುವಾ ದೇಗುಲದಲ್ಲಿ ಇದಕ್ಕಿಂತ ಸೌಮ್ಯವಾದ ಉದಾಹರಣೆಯಿದೆ. ಅಲ್ಲಿನ ಕ್ರೈಸ್ತರು ಗರ್ಭಗುಡಿಯ ಮೂರ್ತಿಗಳ ಮೇಲೆ ಗಾರೆ ಬಳಿದು ಸಂತ ಪೇತ್ರರ ಚಿತ್ರ ಬರೆದರು. ಸುತ್ತಲಿನ ಗಾರೆ ಉದುರಿದ ಮೇಲೆ ಈಗ ರಾಮ್ಸೆಸ್ ಮಹಾರಾಜ ಸಂತ ಪೇತ್ರರಿಗೆ ಹೂವು ಅರ್ಪಿಸುವಂತೆ ಕಾಣುತ್ತದೆ.

ನೀರು ನುಂಗಿದ ನಾಡು

ಫೀಲೆಯ ದೇಗುಲ ಈಗಿರುವುದು ಮೂಲ ದ್ವೀಪದಲ್ಲಲ್ಲ. 1902ರಲ್ಲಿ ಮುಗಿದ ಹಳೆಯ ಅಣೆಕಟ್ಟಿನಿಂದ ಅದು ವರ್ಷದ ಬಹುಭಾಗ ನೀರಲ್ಲಿ ಮುಳುಗಿರುತ್ತಿತ್ತು. 1970ರ ದಶಕದಲ್ಲಿ ಕಲ್ಲುಗಳನ್ನು ಬಿಚ್ಚಿ ಪಕ್ಕದ ಅಗಿಲ್ಕಿಯಾ ದ್ವೀಪದಲ್ಲಿ ಜೋಡಿಸಿ 1980ರಲ್ಲಿ ತೆರೆದರು. 1960ರಲ್ಲಿ ಆರಂಭವಾದ ಅಸ್ವಾನ್ ಮಹಾ ಅಣೆಕಟ್ಟಿನ ಹಿನ್ನೀರಿನಿಂದ ಪಾರುಮಾಡಲು ಅಬು ಸಿಂಬೆಲ್‌ನ ಎರಡು ದೇಗುಲಗಳನ್ನು 1964ರಿಂದ 1968ರ ನಡುವೆ ಗರಗಸದಿಂದ ಕೊಯ್ದು ಸುಮಾರು 65 ಮೀಟರ್ ಮೇಲಕ್ಕೇರಿಸಲಾಯಿತು. ಸುಮಾರು 20 ಮೀಟರ್ ಎತ್ತರದ ರಾಮ್ಸೆಸನ ನಾಲ್ಕು ಮೂರ್ತಿಗಳನ್ನು ಕಾಣಲು ಅಸ್ವಾನ್‌ನಿಂದ ರಸ್ತೆಯಲ್ಲಿ 280 ಕಿ.ಮೀ.ಗೂ ಹೆಚ್ಚು ಹೋಗಬೇಕು. ತಂಡಗಳು ಬೆಳಗಿನ ಜಾವಕ್ಕೇ ಹೊರಡುತ್ತವೆ. ಯುನೆಸ್ಕೊ ಕರೆಗೆ ಓಗೊಟ್ಟ ದೇಶಗಳಲ್ಲಿ ಭಾರತವೂ ಒಂದು. ಬಿ.ಬಿ. ಲಾಲ್ ನೇತೃತ್ವದ ಪುರಾತತ್ವ ಇಲಾಖೆಯ ತಂಡ 1961–62ರಲ್ಲಿ ನೂಬಿಯಾದ ಅಫಿಯೆಯಲ್ಲಿ ಅಗೆತ ನಡೆಸಿತು.

ಕಲ್ಲುಗಳಿಗೆ ಜಗತ್ತೇ ಮರುಗಿತು. ಅದೇ ನೀರಿಗೆ ಮನೆ, ಖರ್ಜೂರದ ತೋಟ, ಹಿರಿಯರ ಗೋರಿಗಳನ್ನು ಬಿಟ್ಟುಕೊಟ್ಟ ಸುಮಾರು 50,000 ಈಜಿಪ್ಟಿನ ನೂಬಿಯನ್ನರನ್ನು 1963–64ರಲ್ಲಿ ಕೊಮ್ ಒಂಬೊ ಸುತ್ತಲಿನ ಹೊಸ ವಸತಿಗಳಿಗೆ ಸಾಗಿಸಿದ್ದು ಪ್ರವಾಸದ ಪುಸ್ತಿಕೆಗಳಲ್ಲಿ ಒಂದು ಸಾಲಿನಲ್ಲಿ ಮುಗಿಯುತ್ತದೆ. ಅಸ್ವಾನ್‌ನ ನೂಬಿಯಾ ವಸ್ತುಸಂಗ್ರಹಾಲಯಕ್ಕೆ ಎರಡು ಗಂಟೆ ಮೀಸಲಿಡಿ. ನೂಬಿಯನ್ನರ ಪೂರ್ವಿಕರು ಶತಮಾನಗಳ ಕಾಲ ಕ್ರೈಸ್ತರಾಗಿದ್ದರು. ಇಂದಿನ ಸುಡಾನ್ ಗಡಿಯ ಫರಾಸ್‌ನಲ್ಲಿ ಪೋಲೆಂಡಿನ ತಜ್ಞರು 1961–64ರಲ್ಲಿ ಮರಳಿನಡಿ ಪ್ರಧಾನಾಲಯವೊಂದನ್ನು ಕಂಡು, ನೀರು ಏರುವ ಮುನ್ನ ಅದರ ಗೋಡೆಚಿತ್ರಗಳನ್ನು ಬಿಡಿಸಿ ತೆಗೆದರು. ತುಟಿಯ ಮೇಲೆ ಬೆರಳಿಟ್ಟ ಸಂತ ಅನ್ನಮ್ಮನವರ ಚಿತ್ರ ಈಗ ವಾರ್ಸಾದಲ್ಲಿದೆ. ಪ್ರಧಾನಾಲಯ ನೀರಿನಡಿ ಇದೆ.

ಅಸ್ವಾನ್‌ನಲ್ಲಿ ಸಮಯವಿದ್ದರೆ

ಅಸ್ವಾನ್ ಎಂದರೆ ಪ್ರವಾದಿ ಯೆಜೆಕಿಯೇಲನ ಗ್ರಂಥದ ಸೆವೇನೆ. ಎದುರಿನ ಎಲಿಫೆಂಟೈನ್ ದ್ವೀಪದಲ್ಲಿ ಪರ್ಷಿಯನ್ನರ ಕಾಲದಲ್ಲಿ ಯೆಹೂದ್ಯ ಸೈನಿಕರ ವಸತಿಯಿತ್ತು, ಅವರದೇ ದೇವಾಲಯವೂ ಇತ್ತು. ಕ್ರಿ.ಪೂ. 410ರಲ್ಲಿ ಅದನ್ನು ಕೆಡವಿದ ಮೇಲೆ ಮತ್ತೆ ಕಟ್ಟಲು ನೆರವು ಕೋರಿ ಯೂದಾಯದ ಅಧಿಕಾರಿಗೆ ಬರೆದ ಅರಮಾಯಿಕ್ ಪತ್ರ ಇಂದಿಗೂ ಉಳಿದಿದೆ. ಪಶ್ಚಿಮ ದಂಡೆಯ ಮರಳಿನಲ್ಲಿ ಸಂತ ಸಿಮೆಯೋನರದೆಂದು ಕರೆಯುವ ಪಾಳುಬಿದ್ದ ಮಠವಿದೆ. ದೋಣಿಯಲ್ಲಿ ದಾಟಿ ಮೇಲೆ ನಡೆದು ಹೋಗಬೇಕು. ಹೆಚ್ಚಿನ ಪ್ಯಾಕೇಜುಗಳಲ್ಲಿ ಇದು ಸೇರಿರುವುದಿಲ್ಲ, ಕೇಳಿ ಸೇರಿಸಿಕೊಳ್ಳಿ.

ನಮ್ಮ ಕರಾವಳಿಗೂ ನೈಲ್ ತೀರಕ್ಕೂ ಒಂದು ಹಳೆಯ ಎಳೆಯಿದೆ. ಕೈರೋದ ದಕ್ಷಿಣದ ಆಕ್ಸಿರಿಂಕಸ್‌ನಲ್ಲಿ ದೊರೆತ ಪಪೈರಸ್‌ನ ಗ್ರೀಕ್ ಪ್ರಹಸನದಲ್ಲಿ ಭಾರತದ ಅರಸನ ಬಾಯಲ್ಲಿರುವ ಮಾತುಗಳು ಕನ್ನಡವೆಂದು 1904ರಲ್ಲಿ ಹುಲ್ಟ್ಸ್ ಎಂಬ ವಿದ್ವಾಂಸರು ಸೂಚಿಸಿದರು. 'ಗೊಲ್ಗೊಥಾ' ಕಾವ್ಯದ ಮಂಜೇಶ್ವರ ಗೋವಿಂದ ಪೈಯವರೂ ಈ ಬಗ್ಗೆ ಬರೆದಿದ್ದಾರೆ. ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿಲ್ಲ.

ಹೊರಡುವವರಿಗೆ ಕೊನೆಯದಾಗಿ: ಹತ್ತಿ ಬಟ್ಟೆ, ಗಟ್ಟಿ ಪಾದರಕ್ಷೆ, ಟೋಪಿ, ನೀರು ಬೇಕೇ ಬೇಕು. 'ಬಕ್ಷೀಶ್'ಗೆ ಚಿಲ್ಲರೆ ಇರಲಿ. ಕೆಲವು ಸಮಾಧಿಗಳಲ್ಲಿ ಇಳಿಜಾರು ಕಡಿದಾಗಿದೆ. ಮೊಣಕಾಲು ನೋವಿನ ಹಿರಿಯರು ಮೇಲೆಯೇ ಕುಳಿತಿರುವುದು ಲೇಸು. ಲಕ್ಸರ್‌ನಲ್ಲಿ 1895ರಿಂದ ಕೋಪ್ಟಿಕ್ ಕಥೋಲಿಕ ಧರ್ಮಪ್ರಾಂತ್ಯವಿದೆ. ಭಾನುವಾರ ಅಲ್ಲಿರುವುದಾದರೆ ಬಲಿಪೂಜೆಯ ವೇಳೆಯನ್ನು ಮುಂಚಿತವಾಗಿ ವಿಚಾರಿಸಿಕೊಳ್ಳಿ. ಹಡಗು ಹೊರಡುವ ಹೊತ್ತನ್ನೂ ಜೊತೆಗೇ ಕೇಳಿಕೊಳ್ಳಿ, ಅದು ಯಾರಿಗೂ ಕಾಯುವುದಿಲ್ಲ.