ಅಧಿಕ ಸಾಂದ್ರತೆಯ ದ್ಯುತಿತಂತು ಕೇಬಲ್

ಅಧಿಕ ಸಾಂದ್ರತೆಯ ದ್ಯುತಿತಂತು ಕೇಬಲ್ ಎಂಬುದು ಸೀಮಿತ ಅಡ್ಡಕೊಯ್ತದೊಳಗೆ ನೂರಾರು ಅಥವಾ ಸಾವಿರಾರು ಗಾಜಿನ ತಂತುಗಳನ್ನು ಅಡಕಗೊಳಿಸಿ ತಯಾರಿಸಿದ ಸಂವಹನ ಕೇಬಲ್ ಆಗಿದೆ. ದತ್ತಾಂಶ ಕೇಂದ್ರಗಳ ಒಳಗೆ, ಒಂದು ಕೇಂದ್ರದಿಂದ ಇನ್ನೊಂದಕ್ಕೆ ಹಾಗೂ ದೂರಸಂಪರ್ಕ ಸಂಸ್ಥೆಗಳ ನಗರ ಜಾಲಗಳಲ್ಲಿ ಇದು ಬಳಕೆಯಲ್ಲಿದೆ. ಈ ವರ್ಗದ ಕೇಬಲ್‌ಗಳಲ್ಲಿ 864, 1728, 3456 ಮತ್ತು 6912 ತಂತುಗಳಿರುವ ಮಾದರಿಗಳಿವೆ. ಕೇಬಲ್‌ನ ಎರಡು ತುದಿಗಳಲ್ಲಿರುವ ವಿದ್ಯುನ್ಮಾನ ಉಪಕರಣಗಳನ್ನು ಕೆಲವೇ ವರ್ಷಗಳಿಗೊಮ್ಮೆ ಬದಲಾಯಿಸಲಾಗುತ್ತದೆ. ಆದರೆ ನೆಲದಡಿಯ ನಾಳಕ್ಕೆ ಒಮ್ಮೆ ಎಳೆದ ಕೇಬಲ್ ದಶಕಗಳ ಕಾಲ ಅಲ್ಲಿಯೇ ಉಳಿಯುತ್ತದೆ. ಆದ್ದರಿಂದ ಇದರ ಆಯ್ಕೆಯಲ್ಲಿ ತಂತುಗಳ ಸಂಖ್ಯೆಯಷ್ಟೇ ಬೆಳಕಿನ ನಷ್ಟ, ಜೋಡಣೆಯ ವಿಧಾನ ಮತ್ತು ದುರಸ್ತಿಯ ಸಾಧ್ಯತೆಗಳೂ ನಿರ್ಣಾಯಕವಾಗುತ್ತವೆ.

ಹಿನ್ನೆಲೆ

ಗಾಜಿನಲ್ಲಿರುವ ಕಲ್ಮಶಗಳನ್ನು ನಿವಾರಿಸಿ ನಷ್ಟವನ್ನು ಕಿಲೋಮೀಟರಿಗೆ 20 ಡೆಸಿಬೆಲ್‌ಗಿಂತ ಕೆಳಗಿಳಿಸಿದರೆ ಗಾಜಿನ ತಂತುವಿನ ಮೂಲಕ ದೂರಸಂವಹನ ಸಾಧ್ಯವೆಂದು ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕ್‌ಹ್ಯಾಮ್ 1966ರಲ್ಲಿ ಪ್ರತಿಪಾದಿಸಿದರು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಸಂಸ್ಥೆಯ ರಾಬರ್ಟ್ ಮಾರರ್, ಡೊನಾಲ್ಡ್ ಕೆಕ್ ಮತ್ತು ಪೀಟರ್ ಶುಲ್ಟ್ಜ್ ಆ ಮಿತಿಯನ್ನು ದಾಟಿದರು. ಕಾವೊ ಅವರಿಗೆ 2009ರ ಭೌತಶಾಸ್ತ್ರದ ನೊಬೆಲ್ ಪುರಸ್ಕಾರದಲ್ಲಿ ಪಾಲು ದೊರೆಯಿತು. 20 ಡೆಸಿಬೆಲ್ ನಷ್ಟವೆಂದರೆ ಹೊರಟ ಬೆಳಕಿನಲ್ಲಿ ಶೇ. 1ರಷ್ಟು ಮಾತ್ರ ಉಳಿಯುವುದು. ಅಂದು ಒಂದು ಕಿಲೋಮೀಟರಿನಲ್ಲಿ ಆಗುತ್ತಿದ್ದ ಈ ನಷ್ಟ, 1550 ನ್ಯಾನೊಮೀಟರ್ ತರಂಗಾಂತರದಲ್ಲಿ ಇಂದಿನ ತಂತುವಿನಲ್ಲಿ ಆಗಲು ಸುಮಾರು 100 ಕಿಲೋಮೀಟರ್ ಬೇಕು.

ಜಾಲದ ಸಾಮರ್ಥ್ಯವನ್ನು ಎರಡು ರೀತಿಯಲ್ಲಿ ಹೆಚ್ಚಿಸಬಹುದು. ಒಂದೇ ತಂತುವಿನಲ್ಲಿ ಹಲವು ತರಂಗಾಂತರಗಳನ್ನು ಒಟ್ಟಿಗೆ ಕಳುಹಿಸುವುದು ಮೊದಲನೆಯದು. ತಂತುಗಳ ಸಂಖ್ಯೆಯನ್ನೇ ಹೆಚ್ಚಿಸುವುದು ಎರಡನೆಯದು. ನೂರಾರು ಕಿಲೋಮೀಟರ್ ಉದ್ದದ ಮಾರ್ಗಗಳಲ್ಲಿ ಪ್ರತಿ ತಂತುವಿಗೂ ದಾರಿಯುದ್ದಕ್ಕೂ ವರ್ಧಕಗಳು ಬೇಕಾಗುವುದರಿಂದ ಮೊದಲನೆಯ ವಿಧಾನ ಲಾಭಕರ. ಕೆಲವು ನೂರು ಮೀಟರ್‌ಗಳಿಂದ ಕೆಲವು ಕಿಲೋಮೀಟರ್‌ಗಳವರೆಗಿನ ಅಂತರಗಳಲ್ಲಿ ಲೆಕ್ಕ ತಿರುವುಮುರುವಾಗುತ್ತದೆ. ಅಲ್ಲಿ ತರಂಗಾಂತರಗಳನ್ನು ಕೂಡಿಸಿ ಬೇರ್ಪಡಿಸುವ ಉಪಕರಣಕ್ಕಿಂತ ಗಾಜು ಅಗ್ಗ. ಸಾಂದ್ರತೆ ಮುಖ್ಯವಾಗಿ ಅಲ್ಪದೂರದ ಜಾಲಗಳ ಬೇಡಿಕೆಯಾಗಿರುವುದು ಈ ಕಾರಣದಿಂದ.

ತಂತುವಿನ ಗಾತ್ರ

ಸಂವಹನ ತಂತುವಿನ ನಡುವೆ ಬೆಳಕು ಚಲಿಸುವ ತಿರುಳು, ಅದರ ಸುತ್ತ ಕಡಿಮೆ ವಕ್ರೀಭವನ ಸೂಚ್ಯಂಕದ ಗಾಜಿನ ಹೊದಿಕೆ, ಹೊರಗೆ ಪಾಲಿಮರ್ ಲೇಪನ ಇರುತ್ತವೆ. ಹೊದಿಕೆಯ ವ್ಯಾಸ 125 ಮೈಕ್ರಾನ್. ಲೇಪನ ಸೇರಿದಾಗ ಸಾಂಪ್ರದಾಯಿಕ ತಂತುವಿನ ವ್ಯಾಸ ಸುಮಾರು 250 ಮೈಕ್ರಾನ್ ಆಗುತ್ತದೆ. ಸಿಂಗಲ್ ಮೋಡ್ ತಂತುವಿನ ತಿರುಳು 9 ಮೈಕ್ರಾನ್ ಆಸುಪಾಸಿನಲ್ಲಿರುವುದರಿಂದ, ಒಟ್ಟು ಅಡ್ಡಕೊಯ್ತದಲ್ಲಿ ಅದರ ಪಾಲು ಶೇ. 0.13 ಮಾತ್ರ. ಉಳಿದದ್ದೆಲ್ಲ ಬೆಳಕನ್ನು ಹಿಡಿದಿಡಲು ಮತ್ತು ಗಾಜನ್ನು ಕಾಪಾಡಲು ಇರುವ ಭಾಗ.

ಹೊದಿಕೆಯ ಅಳತೆಯನ್ನು ಬದಲಿಸಿದರೆ ಹಳೆಯ ತಂತುಗಳೊಂದಿಗೆ ಬೆಸುಗೆ ಹಾಕುವುದೂ ಕನೆಕ್ಟರ್ ಜೋಡಿಸುವುದೂ ಕಷ್ಟವಾಗುತ್ತದೆ. ಆದ್ದರಿಂದ ತಯಾರಕರು ಲೇಪನವನ್ನು ತೆಳುವಾಗಿಸಿದರು. 250ರ ಬದಲು 200 ಮೈಕ್ರಾನ್ ತಂತುವನ್ನು ಬಳಸಿದರೆ ಪ್ರತಿ ತಂತು ಆಕ್ರಮಿಸುವ ಜಾಗ ಶೇ. 36ರಷ್ಟು ಕಡಿಮೆಯಾಗುತ್ತದೆ. ಲೇಪನ ತೆಳುವಾದಷ್ಟೂ ಹೊರಗಿನ ಒತ್ತಡ ಗಾಜಿಗೆ ತಾಗಿ ಸೂಕ್ಷ್ಮ ಬಾಗುಗಳು ಉಂಟಾಗುವ ಸಂಭವ ಹೆಚ್ಚು. ಹೀಗಾಗಿ ಇಂತಹ ತಂತುಗಳಿಗೆ ಬಾಗುವಿಕೆಯನ್ನು ಸಹಿಸುವ ಗಾಜನ್ನೇ ಆರಿಸುವುದು ರೂಢಿಯಲ್ಲಿದೆ.

ಪಟ್ಟಿ ತಂತುಗಳು

ಹಳೆಯ ಸಡಿಲ ಕೊಳವೆ ಮಾದರಿಯಲ್ಲಿ ಪ್ರತಿ ಪ್ಲಾಸ್ಟಿಕ್ ಕೊಳವೆಯೊಳಗೆ ಸಾಮಾನ್ಯವಾಗಿ 12 ಬಿಡಿ ತಂತುಗಳಿರುತ್ತವೆ. ಅವುಗಳನ್ನು ಗುರುತಿಸಲು ಟಿಐಎ-598 ಮಾನದಂಡವು ನೀಲಿ, ಕಿತ್ತಳೆ, ಹಸಿರು, ಕಂದು, ಬೂದು, ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆ, ಗುಲಾಬಿ ಮತ್ತು ಆಕ್ವಾ ಎಂಬ ಬಣ್ಣಗಳ ಕ್ರಮವನ್ನು ನಿಗದಿಪಡಿಸಿದೆ. ಇದೇ 12 ತಂತುಗಳನ್ನು ಅಕ್ಕಪಕ್ಕ ಇಟ್ಟು ಅಂಟಿಸಿದರೆ ಪಟ್ಟಿ, ಅಂದರೆ ರಿಬ್ಬನ್ ಆಗುತ್ತದೆ. ಪಟ್ಟಿಯ ಎಲ್ಲ ತಂತುಗಳನ್ನು ಒಂದೇ ಬಾರಿಗೆ ಬೆಸೆಯಬಹುದು. ಆದರೆ ಚಪ್ಪಟೆಯಾದ ಪಟ್ಟಿಗಳನ್ನು ದುಂಡನೆಯ ಕೊಳವೆಯಲ್ಲಿ ಜೋಡಿಸಿದಾಗ ಮೂಲೆಗಳಲ್ಲಿ ಜಾಗ ವ್ಯರ್ಥವಾಗುತ್ತದೆ. ಅಗಲದ ದಿಕ್ಕಿನಲ್ಲಿ ಬಾಗಲೂ ಅವು ಒಪ್ಪುವುದಿಲ್ಲ.

ಜಪಾನಿನಲ್ಲಿ ಅಭಿವೃದ್ಧಿಗೊಂಡ ಸುರುಳಿಸಬಲ್ಲ ಪಟ್ಟಿ ಈ ತೊಡಕನ್ನು ಬಹುಮಟ್ಟಿಗೆ ನಿವಾರಿಸಿತು. ಇದರಲ್ಲಿ ತಂತುಗಳನ್ನು ಉದ್ದಕ್ಕೂ ಅಂಟಿಸದೆ ಅಲ್ಲಲ್ಲಿ ಮಾತ್ರ ಅಂಟಿಸಲಾಗುತ್ತದೆ. ಬಲೆಯಂತೆ ತೋರುವ ಈ ಪಟ್ಟಿಯನ್ನು ಸುತ್ತಿ ಕೊಳವೆಯೊಳಗೆ ಒತ್ತೊತ್ತಾಗಿ ತುಂಬಬಹುದು. ಬೆಸುಗೆಯ ಸಮಯದಲ್ಲಿ ಬಿಡಿಸಿದರೆ ಮತ್ತೆ ಚಪ್ಪಟೆಯಾಗುತ್ತದೆ. ಸುಮಾರು 50 ಮಿ.ಮೀ. ಅಗಲದ ನಾಳದಲ್ಲಿ 6912 ತಂತುಗಳ ಕೇಬಲ್ ಎಳೆಯಲು ಸಾಧ್ಯವಾದದ್ದು ಈ ವಿನ್ಯಾಸದಿಂದ.

ಖರೀದಿಯ ವೇಳೆ ಸುಲಭವಾಗಿ ಮರೆತುಹೋಗುವ ಒಂದು ಅಂಶ ತಂತುಗಳ ನಡುವಣ ಅಂತರ. ಸಾಂಪ್ರದಾಯಿಕ ಪಟ್ಟಿಯಲ್ಲಿ ಒಂದು ತಂತುವಿನ ಕೇಂದ್ರದಿಂದ ಮುಂದಿನದರ ಕೇಂದ್ರಕ್ಕೆ 250 ಮೈಕ್ರಾನ್ ಇರುತ್ತದೆ. 200 ಮೈಕ್ರಾನ್ ತಂತುಗಳನ್ನು ಒತ್ತಾಗಿ ಜೋಡಿಸಿದ ಪಟ್ಟಿಯಲ್ಲಿ ಅದು 200 ಮೈಕ್ರಾನ್. ಇವೆರಡನ್ನೂ ಸಾಮೂಹಿಕ ಬೆಸುಗೆ ಯಂತ್ರದಲ್ಲಿ ನೇರವಾಗಿ ಎದುರುಬದುರು ಇಡಲಾಗದು; ಅಂತರವನ್ನು ಹೊಂದಿಸುವ ಪ್ರತ್ಯೇಕ ಸಲಕರಣೆ ಬೇಕು. ಹಳೆಯ ಜಾಲಕ್ಕೆ ಜೋಡಿಸಬೇಕಾದ ಕಡೆಗಳಿಗಾಗಿ, ತಂತು 200 ಮೈಕ್ರಾನ್ ಇದ್ದರೂ ಅಂತರವನ್ನು 250 ಮೈಕ್ರಾನ್ ಉಳಿಸಿಕೊಂಡ ಪಟ್ಟಿಗಳೂ ಲಭ್ಯವಿವೆ.

ಸಿಂಗಲ್ ಮೋಡ್ ಮತ್ತು ಮಲ್ಟಿಮೋಡ್

ದೂರಸಂಪರ್ಕ ಜಾಲಗಳಲ್ಲಿ ಈ ಪ್ರಶ್ನೆ ಬಹುತೇಕ ಇತ್ಯರ್ಥವಾಗಿದೆ. ಅಲ್ಲಿ ಸಿಂಗಲ್ ಮೋಡ್ ತಂತುವೇ ಬಳಕೆಯಲ್ಲಿದೆ. ದತ್ತಾಂಶ ಕೇಂದ್ರಗಳಲ್ಲಿ 50 ಮೈಕ್ರಾನ್ ತಿರುಳಿನ ಮಲ್ಟಿಮೋಡ್ ತಂತುವೂ ಉಳಿದುಕೊಂಡಿದೆ. ಅದರ ಟ್ರಾನ್ಸೀವರ್‌ಗಳು ಅಗ್ಗವಾಗಿದ್ದುದೇ ಇದಕ್ಕೆ ಮುಖ್ಯ ಕಾರಣ. ಆದರೆ ವೇಗ ಹೆಚ್ಚಿದಂತೆ ಮಲ್ಟಿಮೋಡ್‌ನ ವ್ಯಾಪ್ತಿ ಕುಗ್ಗುತ್ತದೆ. ಓಎಂ4 ದರ್ಜೆಯ ತಂತುವಿನಲ್ಲಿ ಸೆಕೆಂಡಿಗೆ 10 ಗಿಗಾಬಿಟ್ ವೇಗದ ಸಂಕೇತ 400 ಮೀಟರ್ ಸಾಗಿದರೆ, 40 ಗಿಗಾಬಿಟ್‌ನ ಎಸ್‌ಆರ್4 ಮಾದರಿ 150 ಮೀಟರ್, 100 ಗಿಗಾಬಿಟ್‌ನ ಎಸ್‌ಆರ್4 ಮಾದರಿ 100 ಮೀಟರ್ ಮಾತ್ರ ಸಾಗುತ್ತದೆ. ಸಿಂಗಲ್ ಮೋಡ್ ತಂತುವಿನಲ್ಲಿ 400 ಗಿಗಾಬಿಟ್‌ನ ಡಿಆರ್4 ಮಾದರಿಗೂ 500 ಮೀಟರ್ ವ್ಯಾಪ್ತಿಯಿದೆ. ಹೊಸದಾಗಿ ನಿರ್ಮಿಸುವ ದೊಡ್ಡ ಕೇಂದ್ರಕ್ಕೆ ಸಿಂಗಲ್ ಮೋಡ್ ಹೆಚ್ಚು ಬಾಳುವ ಆಯ್ಕೆ. ಒಂದೇ ಸಾಲಿನ ರ್ಯಾಕ್‌ಗಳ ನಡುವಿನ ಗಿಡ್ಡ ಸಂಪರ್ಕಗಳಿಗೆ ಮಲ್ಟಿಮೋಡ್ ಇನ್ನೂ ಅರ್ಥಪೂರ್ಣವಾಗಿದೆ.

ಕನೆಕ್ಟರ್‌ಗಳು

ದತ್ತಾಂಶ ಕೇಂದ್ರದೊಳಗೆ ಜಾಗದ ಅಭಾವ ಹೆಚ್ಚಾಗಿ ಕಾಣಿಸಿಕೊಳ್ಳುವುದು ಕೇಬಲ್‌ನಲ್ಲಲ್ಲ, ಅದು ಕೊನೆಗೊಳ್ಳುವ ಪ್ಯಾಚ್ ಪ್ಯಾನಲ್‌ನಲ್ಲಿ. ರ್ಯಾಕ್‌ನ ಎತ್ತರವನ್ನು ಅಳೆಯುವ ಘಟಕವಾದ 1ಯು 44.45 ಮಿ.ಮೀ.ಗೆ ಸಮ. 1.25 ಮಿ.ಮೀ. ವ್ಯಾಸದ ಫೆರೂಲ್ ಇರುವ ಎಲ್‌ಸಿ ಕನೆಕ್ಟರ್‌ಗಳನ್ನು ಬಳಸಿ ಅಷ್ಟು ಎತ್ತರದಲ್ಲಿ 144 ತಂತುಗಳನ್ನು ಕೊನೆಗೊಳಿಸುವ ಪ್ಯಾನಲ್‌ಗಳಿವೆ. ಎಂಪಿಒ ಕನೆಕ್ಟರ್ ಬಳಸಿದರೆ ಒಂದೊಂದರಲ್ಲಿ 12 ತಂತುಗಳಂತೆ 72 ಕನೆಕ್ಟರ್‌ಗಳಲ್ಲಿ 864 ತಂತುಗಳು ಅದೇ ಜಾಗದಲ್ಲಿ ಹಿಡಿಯುತ್ತವೆ. ಎಂಪಿಒದ ಒಳಗಿರುವ ಎಂಟಿ ಫೆರೂಲ್ ಜಪಾನಿನ ಎನ್‌ಟಿಟಿ ಸಂಸ್ಥೆಯ ಕೊಡುಗೆಯಾಗಿದ್ದು, ಅದರ ಮುಖದ ಅಳತೆ ಸುಮಾರು 6.4 × 2.5 ಮಿ.ಮೀ. ಎಸ್‌ಎನ್, ಎಂಡಿಸಿ ಮುಂತಾದವು ಎಲ್‌ಸಿಗಿಂತಲೂ ಚಿಕ್ಕದಾದ ನಂತರದ ಕನೆಕ್ಟರ್‌ಗಳು.

ಈ ಸಂಖ್ಯೆಗಳು ಕಾಗದದ ಮೇಲೆ ಆಕರ್ಷಕವಾಗಿದ್ದರೂ ಮನುಷ್ಯನ ಬೆರಳಿನ ದಪ್ಪ ಬದಲಾಗಿಲ್ಲ. 144 ತಂತುಗಳ ಪ್ಯಾನಲ್‌ನ ನಡುವಿನಿಂದ ಒಂದು ಪ್ಯಾಚ್ ಕಾರ್ಡ್ ತೆಗೆಯುವಾಗ ಪಕ್ಕದ, ಸಂಚಾರವಿರುವ ಸಂಪರ್ಕ ಅಲುಗಾಡಿದರೆ ಸೇವೆಗೆ ಅಡ್ಡಿಯಾಗುತ್ತದೆ. ಎಳೆಯಲು ಉದ್ದನೆಯ ಪಟ್ಟಿ ಇರುವ ಕನೆಕ್ಟರ್‌ಗಳು ಮತ್ತು ಮುಂದಕ್ಕೆ ಜಾರುವ ಟ್ರೇಗಳು ಇದೇ ಕಾರಣಕ್ಕೆ ಬಂದವು.

ತಂತುಗಳ ಗುಂಪಿನ ಗಾತ್ರವೂ ಮುಖ್ಯ. ಎಸ್‌ಆರ್4 ಮಾದರಿಯು ಕಳುಹಿಸಲು 4, ಪಡೆಯಲು 4, ಹೀಗೆ 8 ತಂತುಗಳನ್ನು ಬಳಸುತ್ತದೆ. 12 ತಂತುಗಳ ಎಂಪಿಒದಲ್ಲಿ ಇದನ್ನು ಜೋಡಿಸಿದರೆ ನಡುವಿನ 4 ತಂತುಗಳು, ಅಂದರೆ ಕೊಂಡ ಗಾಜಿನ ಮೂರನೆಯ ಒಂದು ಭಾಗ ನಿರುಪಯುಕ್ತವಾಗಿ ಉಳಿಯುತ್ತದೆ. ಎಂಟರ ಗುಂಪಿನ ಕೇಬಲ್‌ಗಳನ್ನು ಹಾಕುವುದು ಅಥವಾ 12ರ ಎರಡು ಗುಂಪುಗಳನ್ನು 8ರ ಮೂರು ಗುಂಪುಗಳಾಗಿ ಪರಿವರ್ತಿಸುವುದು ಇದಕ್ಕಿರುವ ಪರಿಹಾರ. ಪರಿವರ್ತನೆಯಿಂದ ಹೆಚ್ಚುವರಿ ಜೋಡಣೆಯೂ ಅದರ ನಷ್ಟವೂ ಸೇರಿಕೊಳ್ಳುತ್ತವೆ.

ನಷ್ಟದ ಲೆಕ್ಕ

ಒಂದು ಸಂಪರ್ಕದಲ್ಲಿ ಎಷ್ಟು ಬೆಳಕು ಕಳೆದುಹೋಗಬಹುದು ಎಂಬ ಮಿತಿಯನ್ನು ಪ್ರತಿ ಈಥರ್ನೆಟ್ ಮಾನದಂಡವೂ ನಿಗದಿಪಡಿಸುತ್ತದೆ. ಓಎಂ3 ತಂತುವಿನಲ್ಲಿ 300 ಮೀಟರ್ ಸಾಗುವ 10 ಗಿಗಾಬಿಟ್ ಸಂಪರ್ಕಕ್ಕೆ 2.6 ಡೆಸಿಬೆಲ್ ಅವಕಾಶವಿದೆ. ಓಎಂ4 ತಂತುವಿನಲ್ಲಿ 100 ಮೀಟರ್ ಸಾಗುವ 100 ಗಿಗಾಬಿಟ್ ಎಸ್‌ಆರ್4 ಸಂಪರ್ಕಕ್ಕೆ ಇರುವುದು 1.9 ಡೆಸಿಬೆಲ್. ಅದರಲ್ಲಿ ಕನೆಕ್ಟರ್‌ಗಳ ಪಾಲು 1.5 ಡೆಸಿಬೆಲ್.

ಟಿಐಎ-568 ಮಾನದಂಡದ ಪ್ರಕಾರ ಒಂದು ಕನೆಕ್ಟರ್ ಜೋಡಿಯ ನಷ್ಟ 0.75 ಡೆಸಿಬೆಲ್‌ವರೆಗೆ ಇರಬಹುದು. ಆ ಮಿತಿಯಲ್ಲಿರುವ ಎರಡೇ ಜೋಡಿಗಳು 1.5 ಡೆಸಿಬೆಲ್ ಅನ್ನು ಮುಗಿಸಿಬಿಡುತ್ತವೆ. ನಡುವೆ ಅಡ್ಡಜೋಡಣೆಯ ಪ್ಯಾನಲ್ ಇದ್ದು ನಾಲ್ಕು ಜೋಡಿಗಳಾದರೆ ನಷ್ಟ 3 ಡೆಸಿಬೆಲ್ ತಲುಪಿ ಮಿತಿಯನ್ನು ಮೀರುತ್ತದೆ. 0.35 ಡೆಸಿಬೆಲ್ ಮೀರದ ಕಡಿಮೆ ನಷ್ಟದ ಕನೆಕ್ಟರ್‌ಗಳನ್ನು ಬಳಸಿದರೆ ಅದೇ ನಾಲ್ಕು ಜೋಡಿಗಳ ಒಟ್ಟು ನಷ್ಟ 1.4 ಡೆಸಿಬೆಲ್ ಆಗಿ ಸಂಪರ್ಕ ಮಿತಿಯೊಳಗೆ ಬರುತ್ತದೆ. 10 ಗಿಗಾಬಿಟ್‌ನಲ್ಲಿ ವರ್ಷಗಟ್ಟಲೆ ನಿರಾತಂಕವಾಗಿ ನಡೆದ ಸಂಪರ್ಕವು ಉಪಕರಣವನ್ನು ಮೇಲ್ದರ್ಜೆಗೇರಿಸಿದ ದಿನ ವಿಫಲವಾಗುವುದಕ್ಕೆ ಇಂತಹ ಲೆಕ್ಕ ಕಾರಣವಾಗಿರಬಹುದು. ಕೇಬಲ್‌ನಲ್ಲಿ ಹೊಸ ದೋಷವೇನೂ ಇರುವುದಿಲ್ಲ. ಕೇಬಲ್‌ನ ಬೆಲೆಯಲ್ಲಿ ಉಳಿಸುವುದಕ್ಕಿಂತ ಕನೆಕ್ಟರ್‌ನ ಗುಣಮಟ್ಟಕ್ಕೆ ಹಣ ಹಾಕುವುದು ಈ ದೃಷ್ಟಿಯಿಂದ ಲೇಸು.

ಲೆಕ್ಕವನ್ನು ಕೆಡಿಸುವ ಇನ್ನೊಂದು ಅಂಶ ಧೂಳು. 9 ಮೈಕ್ರಾನ್ ತಿರುಳನ್ನು ಮುಚ್ಚಲು ಕಣ್ಣಿಗೆ ಕಾಣದ ಕಣವೇ ಸಾಕು. ಎಂಪಿಒದಲ್ಲಿ ಒಂದು ತಂತುವಿನ ಮೇಲಿನ ಕಣ ಇಡೀ ಫೆರೂಲ್ ಸರಿಯಾಗಿ ಕೂಡದಂತೆ ತಡೆದು ಉಳಿದ 11 ತಂತುಗಳಿಗೂ ತೊಂದರೆ ಕೊಡಬಲ್ಲದು. ತುದಿಮುಖವನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸುವ ಕ್ರಮವನ್ನು ಐಇಸಿ 61300-3-35 ಮಾನದಂಡ ವಿವರಿಸುತ್ತದೆ.

ಧ್ರುವತೆ

ಒಂದು ತುದಿಯ ಪ್ರೇಷಕವು ಇನ್ನೊಂದು ತುದಿಯ ಗ್ರಾಹಕವನ್ನೇ ತಲುಪುವಂತೆ ತಂತುಗಳನ್ನು ಹೊಂದಿಸುವುದಕ್ಕೆ ಧ್ರುವತೆ ಎಂದು ಹೆಸರು. ಎಂಪಿಒ ಕೇಬಲ್‌ಗಳಲ್ಲಿ ಎ, ಬಿ, ಸಿ ಎಂಬ ಮೂರು ಬಗೆಗಳು ರೂಢಿಯಲ್ಲಿವೆ. ಎ ಬಗೆಯಲ್ಲಿ 1ನೆಯ ತಂತು ಇನ್ನೊಂದು ತುದಿಯಲ್ಲೂ 1ನೆಯ ಸ್ಥಾನದಲ್ಲಿರುತ್ತದೆ. ಬಿ ಬಗೆಯಲ್ಲಿ ಅದು 12ನೆಯ ಸ್ಥಾನಕ್ಕೆ ಹೋಗುತ್ತದೆ. ಸಿ ಬಗೆಯಲ್ಲಿ ತಂತುಗಳು ಜೋಡಿಜೋಡಿಯಾಗಿ ಅದಲುಬದಲಾಗುತ್ತವೆ. ಎಂಟು ತಂತುಗಳನ್ನು ಸಮಾಂತರವಾಗಿ ಬಳಸುವ ಸಂಪರ್ಕಗಳಿಗೆ ಬಿ ಬಗೆ ಸರಳ. ಸಿ ಬಗೆ ಒಗ್ಗುವುದಿಲ್ಲ. ಒಂದೇ ಕಟ್ಟಡದಲ್ಲಿ ಬಗೆಗಳನ್ನು ಬೆರೆಸಿದರೆ ದೋಷ ಹುಡುಕುವುದು ಕಠಿಣ. ಎಂಪಿಒದಲ್ಲಿ ಪಿನ್ ಇರುವ ಮತ್ತು ಇಲ್ಲದ ಕನೆಕ್ಟರ್‌ಗಳೆಂಬ ಭೇದವೂ ಇದೆ. ಪಿನ್ ಇರುವ ಎರಡನ್ನು ಬಲವಂತವಾಗಿ ಕೂಡಿಸಿದರೆ ಫೆರೂಲ್ ಹಾಳಾಗುತ್ತದೆ.

ಬಾಗುವಿಕೆ

ಐಟಿಯು-ಟಿ ಶಿಫಾರಸು ಜಿ.652.ಡಿ ಸಾಮಾನ್ಯ ಸಿಂಗಲ್ ಮೋಡ್ ತಂತುವನ್ನೂ ಜಿ.657 ಬಾಗುವಿಕೆ ಸಹಿಸುವ ತಂತುಗಳನ್ನೂ ವಿವರಿಸುತ್ತವೆ. ಜಿ.657.ಎ1 ತಂತುವಿನ ನಷ್ಟವನ್ನು 10 ಮಿ.ಮೀ. ತ್ರಿಜ್ಯದವರೆಗೆ, ಎ2 ತಂತುವಿನ ನಷ್ಟವನ್ನು 7.5 ಮಿ.ಮೀ. ತ್ರಿಜ್ಯದವರೆಗೆ ನಿರ್ದಿಷ್ಟಪಡಿಸಲಾಗಿದೆ. ಈ ಎರಡೂ ಜಿ.652.ಡಿ ತಂತುವಿನೊಂದಿಗೆ ಹೊಂದಿಕೊಳ್ಳುತ್ತವೆ. ಭಿನ್ನ ತಂತುಗಳ ಬೆಸುಗೆಯನ್ನು ಓಟಿಡಿಆರ್ ಉಪಕರಣದಿಂದ ಒಂದೇ ದಿಕ್ಕಿನಲ್ಲಿ ಅಳೆದರೆ ಕೆಲವೊಮ್ಮೆ ಬೆಸುಗೆಯಲ್ಲಿ ಬೆಳಕು ಹೆಚ್ಚಾದಂತೆ ತೋರುತ್ತದೆ. ಇದು ಮಾಪನದ ಭ್ರಮೆಯಾದ್ದರಿಂದ ಎರಡೂ ದಿಕ್ಕಿನಿಂದ ಅಳೆದು ಸರಾಸರಿ ತೆಗೆಯಲಾಗುತ್ತದೆ. ತಂತು ಸಹಿಸುವ ಬಾಗು ಬೇರೆ, ಇಡೀ ಕೇಬಲ್ ಸಹಿಸುವ ಬಾಗು ಬೇರೆ; ದಪ್ಪ ಕೇಬಲ್‌ಗೆ ತಯಾರಕರು ಸೂಚಿಸಿದ ತ್ರಿಜ್ಯವನ್ನೇ ಪಾಲಿಸಬೇಕು.

ಕಟ್ಟಡದೊಳಗಿನ ಕೇಬಲ್‌ಗಳ ಹೊರಕವಚಕ್ಕೆ ಅಗ್ನಿ ಸುರಕ್ಷತೆಯ ನಿಯಮಗಳು ಅನ್ವಯಿಸುತ್ತವೆ. ಕಡಿಮೆ ಹೊಗೆ ಉಗುಳುವ, ಹ್ಯಾಲೊಜೆನ್ ಇಲ್ಲದ ಕವಚ ಹಲವೆಡೆ ಬಳಕೆಯಲ್ಲಿದೆ. ಹೊರಾಂಗಣದ ಕೇಬಲ್‌ನ ಪಾಲಿಥಿಲೀನ್ ಕವಚ ಸುಲಭವಾಗಿ ಉರಿಯುವುದರಿಂದ ಅದನ್ನು ಕಟ್ಟಡದ ಪ್ರವೇಶದ ಬಳಿಯೇ ಒಳಾಂಗಣ ಕೇಬಲ್‌ಗೆ ಬೆಸೆಯುವುದು ವಾಡಿಕೆ.

ದುರಸ್ತಿ

ಸಾಂದ್ರತೆ ಹೆಚ್ಚಿದಂತೆ ಒಂದೇ ಅಪಘಾತದಿಂದ ಆಗುವ ಹಾನಿಯೂ ಹೆಚ್ಚುತ್ತದೆ. ರಸ್ತೆ ಅಗೆಯುವ ಯಂತ್ರವೊಂದು 3456 ತಂತುಗಳ ಕೇಬಲ್ ಅನ್ನು ಕತ್ತರಿಸಿತು ಎಂದು ಭಾವಿಸೋಣ. ಪ್ರತಿ ತಂತುವನ್ನು ಬಿಡಿಯಾಗಿ ಬೆಸೆಯಲು 3 ನಿಮಿಷವೆಂದು ಹಿಡಿದರೆ, ಒಂದು ಯಂತ್ರದಿಂದ ಒಂದು ಕೀಲು ಮುಗಿಸಲು ಸುಮಾರು 173 ಗಂಟೆಗಳು, ಅಂದರೆ ಹಗಲಿರುಳು ದುಡಿದರೂ ಏಳು ದಿನಗಳಿಗಿಂತ ಹೆಚ್ಚು ಬೇಕು. ಪಟ್ಟಿ ತಂತುವಾದರೆ ಬೆಸುಗೆಗಳ ಸಂಖ್ಯೆ 288ಕ್ಕೆ ಇಳಿಯುತ್ತದೆ. ಒಂದಕ್ಕೆ 8 ನಿಮಿಷವೆಂದರೂ 39 ಗಂಟೆಗಳೊಳಗೆ ಕೆಲಸ ಮುಗಿಯುತ್ತದೆ. ಕತ್ತರಿಸಿದ ಜಾಗಕ್ಕೆ ಹೊಸ ತುಣುಕು ಸೇರಿಸಬೇಕಾದರೆ ಎರಡೂ ಬದಿ ಬೆಸೆಯಬೇಕಾಗಿ ಈ ಅವಧಿ ಇಮ್ಮಡಿಯಾಗುತ್ತದೆ. ಅತಿ ಹೆಚ್ಚು ತಂತುಗಳ ಕೇಬಲ್‌ಗಳು ಪಟ್ಟಿ ರೂಪದಲ್ಲೇ ಬರುವುದಕ್ಕೆ ಜಾಗದ ಉಳಿತಾಯದಷ್ಟೇ ಇದೂ ಕಾರಣ. ಭಾರತದಲ್ಲಿ ಅಗೆತದಿಂದಾಗುವ ಇಂತಹ ಹಾನಿಯನ್ನು ತಡೆಯಲು, ಅಗೆಯುವವರು ನೆಲದಡಿಯ ಸೌಕರ್ಯಗಳ ಮಾಲೀಕರಿಗೆ ಮುನ್ಸೂಚನೆ ನೀಡುವ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ ಅನ್ನು 2023ರ ಮಾರ್ಚ್‌ನಲ್ಲಿ ಬಿಡುಗಡೆ ಮಾಡಲಾಯಿತು.

ಎರಡು ಕೇಂದ್ರಗಳನ್ನು ಒಂದೇ ದೊಡ್ಡ ಕೇಬಲ್‌ನಿಂದ ಜೋಡಿಸುವ ಬದಲು, ಅರ್ಧದಷ್ಟು ತಂತುಗಳ ಎರಡು ಕೇಬಲ್‌ಗಳನ್ನು ಬೇರೆ ಬೇರೆ ರಸ್ತೆಗಳ ಮೂಲಕ ಒಯ್ಯುವುದು ದುಬಾರಿಯಾದರೂ ಒಂದು ಮಾರ್ಗ ಕಡಿದಾಗ ಇನ್ನೊಂದು ಉಳಿದಿರುತ್ತದೆ. ಎರಡೂ ಕೇಬಲ್‌ಗಳು ಕಟ್ಟಡವನ್ನು ಒಂದೇ ಮ್ಯಾನ್‌ಹೋಲ್ ಮೂಲಕ ಪ್ರವೇಶಿಸಿದರೆ ಈ ಪ್ರಯೋಜನ ದೊರೆಯುವುದಿಲ್ಲ.